ಹೊಂಗೆ ಹೂವಿಗೂ ಒಂದು ಲೆಕ್ಕವಿರಲಿ

ಮಾನ್ಯರೇ,

‘ಈ ಸಲ ಹೊಂಗೆ ಬೇಗ ಹೂ ಬಿಟ್ಟಿತಲ್ಲ’ ಎಂಬ ಮಾತು ಯುಗಾದಿ ಸುಮಾರಿಗೆ ಕೇಳುತ್ತಲೇ ಇರುತ್ತದೆ. ಎಷ್ಟು ಬೇಗ ಎಂದು ಕೇಳಿದರೆ ಬರೆದಿಟ್ಟವರು ಸಿಗುವುದಿಲ್ಲ. ‘ಸೀಸನ್‌ವಾಚ್’ ಯೋಜನೆ ಈ ಲೆಕ್ಕವನ್ನೇ ದೇಶದ ನಾನಾ ಕಡೆಯ ಸ್ವಯಂಸೇವಕರಿಂದ ಬರೆಸುತ್ತಿದೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ, ಹಣ್ಣು ನೋಡಿ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಬೇಕು. ಒಂದೊಂದಾಗಿ ಎಣಿಸಬೇಕಿಲ್ಲ; ‘ಇಲ್ಲ’, ‘ಸ್ವಲ್ಪ’, ‘ಬಹಳ’ ಎಂದು ಗುರುತಿಸಿದರೆ ಸಾಕು. ಹೂವಿಲ್ಲದ ವಾರವನ್ನೂ ಬಿಡದೆ ದಾಖಲಿಸಬೇಕು. ಹೂ ಯಾವಾಗ ಶುರುವಾಯಿತು ಎಂಬುದು ತಿಳಿಯುವುದೇ ಅದರಿಂದ.

ಕೇರಳದ ಶಾಲಾ ಮಕ್ಕಳು ಇದರಲ್ಲಿ ಬಹಳ ಮುಂದಿದ್ದಾರೆ. ವಿಷು ಹಬ್ಬಕ್ಕೆ ಬೇಕಾದ ಕೊನ್ನೆ, ಅಂದರೆ ನಮ್ಮ ಕಕ್ಕೆ, ಯಾವಾಗ ಅರಳುತ್ತದೆ ಎಂಬ ದಾಖಲೆ ಅಲ್ಲಿ ವರ್ಷಗಳಿಂದ ಬೆಳೆಯುತ್ತಿದೆ. ಮುತ್ತುಗ, ಬೂರುಗ, ಹೊಂಗೆ ನಮ್ಮಲ್ಲೇನು ಕಡಿಮೆಯೇ? ಬರುವ ಜೂನ್‌ನಲ್ಲಿ ಶಾಲೆ ತೆರೆದಾಗ ಪ್ರತಿ ಪ್ರೌಢಶಾಲೆಯ ಇಕೋ ಕ್ಲಬ್ ಅಂಗಳದ ಒಂದು ಮರವನ್ನಾದರೂ ಹೀಗೆ ದತ್ತು ಪಡೆಯಲಿ, ಹತ್ತನೇ ತರಗತಿಯವರು ಹೋಗುವಾಗ ಅದನ್ನು ಎಂಟನೆಯವರಿಗೆ ವಹಿಸಲಿ. ಶಿಕ್ಷಣ ಇಲಾಖೆ ಇದಕ್ಕೊಂದು ಸುತ್ತೋಲೆ ಹೊರಡಿಸಬೇಕೆಂದು ವಿನಂತಿ.

– ನಿವೃತ್ತ ವಿಜ್ಞಾನ ಶಿಕ್ಷಕಿ, ತುಮಕೂರು