ರಕ್ತ ಕ್ಯಾನ್ಸರ್ ಮಗುವಿನ ತೂಕ: ಹಳೇ ಫೈಲಿನ ಅಂಕಿ ನಡೆಯದು

ಮಾನ್ಯರೇ,

ರಕ್ತ ಕ್ಯಾನ್ಸರಿನ ಮಗು ಚಿಕಿತ್ಸೆಯ ನಡುವೆ ಮೈಕೈ ತುಂಬಿಕೊಂಡರೆ ಕಲಬುರಗಿ ಕಡೆ ‘ಔಷಧ ಹತ್ತಿತು’ ಅನ್ನುತ್ತಾರೆ. ಬಹುಪಾಲು ಅದು ಸ್ಟೆರಾಯ್ಡ್ ಹಸಿವಿನ ತೂಕ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎಎಲ್‌ಎಲ್ (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ) ಎಂಬ ರಕ್ತ ಕ್ಯಾನ್ಸರಿಗೆ ಮೊದಲ ನಾಲ್ಕು ವಾರ ಪ್ರೆಡ್ನಿಸೋಲೋನ್ ಅಥವಾ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಡುತ್ತಾರೆ. ರಾತ್ರಿ ಎರಡಕ್ಕೆ ಎದ್ದು ಮಗು ಊಟಕ್ಕೆ ಅಳುತ್ತದೆ. ದಿಂಬಿನ ಪಕ್ಕ, ನೋಡಲು ಬಂದವರು ಬಿಟ್ಟುಹೋದ ಕ್ರೀಮ್ ಬಿಸ್ಕತ್ತು, ಡಬ್ಬಿ ಜ್ಯೂಸ್.

ರೋಗ ಪತ್ತೆಯಾದಾಗಲೇ ಬೊಜ್ಜಿರುವ ಮಕ್ಕಳಲ್ಲಿ, ಅದರಲ್ಲೂ ಹತ್ತು ವರ್ಷ ದಾಟಿದವರಲ್ಲಿ, ರೋಗ ಮರುಕಳಿಸುವ ಅಪಾಯ ಹೆಚ್ಚು. ಕೊಬ್ಬಿನ ಕೋಶ ಡೌನೊರುಬಿಸಿನ್ ಎಂಬ ಕೀಮೋ ಔಷಧವನ್ನು ಹೀರಿ ಕೆಲಸಗೆಡಿಸುತ್ತದೆ. ಆಸ್ಪರಾಜಿನೇಸ್ ಇಂಜೆಕ್ಷನ್ ಕ್ಯಾನ್ಸರ್ ಕೋಶದ ಆಹಾರ ಕಿತ್ತುಕೊಂಡರೆ, ಕೊಬ್ಬಿನ ಕೋಶ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಒದಗಿಸಿ ಅದನ್ನು ಬದುಕಿಸುತ್ತದೆ. ಪ್ರಯೋಗಾಲಯದಲ್ಲಿ ಕಂಡಿರುವ ಸಂಗತಿಯಿದು. ಬೊಜ್ಜಿನ ಮಕ್ಕಳಲ್ಲಿ ಆ ಇಂಜೆಕ್ಷನ್ನಿಂದ ಯಕೃತ್ತು, ಮೇದೋಜೀರಕ ಗ್ರಂಥಿ ಕೆಡುವುದೂ ಹೆಚ್ಚು. ಆಗ ಕೀಮೋ ತಡವಾಗುತ್ತದೆ.

ಡೋಸ್ ಲೆಕ್ಕ ನಿಂತಿರುವುದು ದೇಹದ ಮೇಲ್ಮೈ ವಿಸ್ತೀರ್ಣದ ಮೇಲೆ. ಎತ್ತರ 140 ಸೆಂ.ಮೀ., ತೂಕ 50 ಕೆ.ಜಿ. ಇದ್ದರೆ 1.39 ಚದರ ಮೀಟರ್. ಫೈಲಿನಲ್ಲಿ ಮೂರು ತಿಂಗಳ ಹಿಂದಿನ 44 ಕೆ.ಜಿ.ಯೇ ಉಳಿದಿದ್ದರೆ 1.31. ಹಾಗಾಗಿ ಪ್ರತಿ ಸಲವೂ ಚಪ್ಪಲಿ ಕಳಚಿ, ಅದೇ ತಕ್ಕಡಿಯಲ್ಲಿ ತೂಗಬೇಕು, ಎತ್ತರವನ್ನೂ ಅಳೆಯಬೇಕು. ಇದನ್ನೇ ಬಿಟ್ಟುಬಿಡುವುದು ಹೆಚ್ಚು. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಕ್ಕೆ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿ.ಗ್ರಾಂ. ಮಿತಿಯಿದೆ, ಆದರೆ ಡೋಸ್ ಕಂಡು ‘ಇಷ್ಟೊಂದೇ’ ಎಂದು ಹೆದರಿ ಉಳಿದ ಔಷಧಗಳನ್ನೂ ಅಂದಾಜಿಗೆ ಇಳಿಸಿದರೆ ರೋಗಕ್ಕೇ ಅನುಕೂಲ.

ಊಟಕ್ಕೆ ನಮ್ಮ ಅಡುಗೆಮನೆಯೇ ಸಾಕು. ಬಿಸಿ ಜೋಳದ ರೊಟ್ಟಿ, ಗಟ್ಟಿ ತೊಗರಿಬೇಳೆ, ಚೆನ್ನಾಗಿ ಬೇಯಿಸಿದ ಪುಂಡಿಪಲ್ಲೆ, ಹೆಸರುಕಾಳು. ರಾತ್ರಿಯ ಹಸಿವಿಗೆ ಬೇಳೆಕಟ್ಟು ಫ್ಲಾಸ್ಕಿನಲ್ಲಿರಲಿ. ಸ್ಟೆರಾಯ್ಡ್ ನಡೆಯುವಾಗ ಹಪ್ಪಳ, ಉಪ್ಪಿನಕಾಯಿ, ಚಿಪ್ಸ್ ಬೇಡ, ಬಿಪಿ ಏರುತ್ತದೆ. ಬಸ್‌ಸ್ಟ್ಯಾಂಡಿನ ಮಿರ್ಚಿಯಂತೂ ಬೇಡವೇ ಬೇಡ. ಅಮೆರಿಕದಲ್ಲಿ 2021ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, 10 ದಾಟಿದ ಮಕ್ಕಳಿಗೆ ಮೊದಲ ತಿಂಗಳು ಕ್ಯಾಲೊರಿ ಶೇ 10ರಷ್ಟಾದರೂ ತಗ್ಗಿಸಿ, ವ್ಯಾಯಾಮ ಮಾಡಿಸಿದಾಗ ಉಳಿಕೆ ಕ್ಯಾನ್ಸರ್ ಕೋಶ ಕಂಡುಬಂದವರ ಸಂಖ್ಯೆ ಕಡಿಮೆಯಾಗಿತ್ತು. ಅದನ್ನು ಓದಿ ಮನೆಯಲ್ಲೇ ಉಪವಾಸ ಕೆಡವಬಾರದು. ಸೊರಗಿ ಬರುವ ಮಕ್ಕಳೂ ನಮ್ಮ ಜಿಲ್ಲೆಗಳಲ್ಲಿ ಕಡಿಮೆಯಿಲ್ಲ, ಅವರಿಗೆ ಈ ಮಾತು ಸಲ್ಲದು.

ಇನ್ನೊಂದು: ಆಸ್ಪರಾಜಿನೇಸ್ ಆದ ಮೇಲೆ ಮೇಲ್ಹೊಟ್ಟೆ ನೋವು ಬೆನ್ನಿಗೆ ಹಾಯ್ದು ವಾಂತಿಯಾದರೆ ಗ್ಯಾಸ್ ಮಾತ್ರೆ ಕೊಟ್ಟು ಮಲಗಿಸಬೇಡಿ. ಮೇದೋಜೀರಕ ಗ್ರಂಥಿ ಕೆಟ್ಟಿದೆಯೇ ಎಂದು ತಿಳಿಯಲು ಅಂದೇ ಅಮೈಲೇಸ್, ಲೈಪೇಸ್ ಎಂಬ ರಕ್ತ ಪರೀಕ್ಷೆ ಆಗಬೇಕು.

– ಓದುಗರು, ಕಲಬುರಗಿ