ಜ್ವರದ ಚೀಟಿಯಲ್ಲಿ ದಿನವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕೊಪ್ಪ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ಜ್ವರ ಬಂದವರು ತರುವ ಚೀಟಿಗಳಲ್ಲಿ ಹೆಚ್ಚಾಗಿ ಒಂದೇ ಸಾಲು ಇರುತ್ತದೆ: ಸಿಬಿಸಿ (ರಕ್ತಕಣಗಳ ಎಣಿಕೆ), ಡೆಂಗಿ, ವಿಡಾಲ್ (ಟೈಫಾಯ್ಡ್‌ಗೆ ಮಾಡುವ ರಕ್ತ ಪರೀಕ್ಷೆ). ಜ್ವರ ಶುರುವಾಗಿ ಎಷ್ಟು ದಿನ ಆಯ್ತು ಅಂತ ಮಾತ್ರ ಬರೆದಿರುವುದಿಲ್ಲ. ಆ ದಿನ ಗೊತ್ತಿಲ್ಲದಿದ್ದರೆ ರಿಪೋರ್ಟಿಗೆ ಅರ್ಧ ಅರ್ಥವೇ ಇಲ್ಲ.

ಡೆಂಗಿಯನ್ನೇ ನೋಡಿ. ಮೊದಲ ನಾಲ್ಕೈದು ದಿನ ವೈರಸ್‌ನ ಪ್ರೋಟೀನನ್ನೇ ಹುಡುಕುವ ಎನ್‌ಎಸ್1 ಟೆಸ್ಟ್, ಆಮೇಲೆ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಹುಡುಕುವ ಐಜಿಎಂ. ಎರಡನೇ ದಿನ ಬರೀ ಐಜಿಎಂ ಮಾಡಿಸಿ ನೆಗೆಟಿವ್ ಬಂತು ಅಂತ ನಿಶ್ಚಿಂತೆಯಿಂದ ಮನೆಗೆ ಹೋಗುವ ಹಾಗಿಲ್ಲ. ವಿಡಾಲ್ ಕಥೆ ಇನ್ನೂ ಕಷ್ಟ. ಹಿಂದೆ ಯಾವತ್ತೋ ಟೈಫಾಯ್ಡ್ ಬಂದಿದ್ದರೂ, ಬೇರೆ ಜ್ವರ ಇದ್ದರೂ ಅದು ಪಾಸಿಟಿವ್ ತೋರಿಸಬಹುದು. ಟೈಫಾಯ್ಡ್ ಖಚಿತ ಮಾಡಿಕೊಳ್ಳಲು ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ರಕ್ತದ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕಳಿಸಬೇಕು.

ನಮ್ಮ ಕಡೆ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆ ಎಂಬ ವೈರಸ್ ಜ್ವರದ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಇವತ್ತು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಹೊಸದಲ್ಲ. ಸೊಪ್ಪು, ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋದವರಿಗೆ ಉಣುಗು (ಉಣ್ಣೆ) ಕಚ್ಚಿ ಬರುತ್ತದೆ. ಇದರಲ್ಲೂ ಪ್ಲೇಟ್‌ಲೆಟ್, ಬಿಳಿ ರಕ್ತಕಣ ಎರಡೂ ಇಳಿಯುವುದರಿಂದ ರಿಪೋರ್ಟ್ ನೋಡಿದರೆ ಡೆಂಗಿ ಥರಾನೇ ಕಾಣುತ್ತದೆ, ಡೆಂಗಿ ನೆಗೆಟಿವ್ ಬಂದರೆ 'ವೈರಲ್ ಜ್ವರ' ಅಂತ ಬರೆದು ಕಳಿಸಿಬಿಡುತ್ತಾರೆ. ಇಲ್ಲೂ ಅಷ್ಟೇ, ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿಪಿಸಿಆರ್, ಐದು ದಿನ ದಾಟಿದ ಮೇಲೆ ಐಜಿಎಂ. ವೈರಸ್ ಕೊಲ್ಲುವ ಔಷಧಿ ಇಲ್ಲ. ನೀರಿನಂಶ ಕಾಪಾಡಿಕೊಂಡು, ರಕ್ತಸ್ರಾವದ ಮೇಲೆ ಕಣ್ಣಿಟ್ಟು, ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವುದೇ ಚಿಕಿತ್ಸೆ. ಆದರೆ ನಮ್ಮ ಜನ 'ಒಂದು ಇಂಜೆಕ್ಷನ್ ಹಾಕಿ ಡಾಕ್ಟ್ರೇ' ಅಂತ ಹಟ ಹಿಡಿಯುತ್ತಾರೆ, ಕೆಲವು ಕಡೆ ಮೈಕೈ ನೋವಿಗೆ ಡೈಕ್ಲೋಫೆನಾಕ್ ಚುಚ್ಚಿಯೂ ಬಿಡುತ್ತಾರೆ. ಡೆಂಗಿಯಲ್ಲಾಗಲಿ ಮಂಗನ ಕಾಯಿಲೆಯಲ್ಲಾಗಲಿ ಅದು, ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಇನ್ನೊಂದು ಮಾತು, ಜ್ವರ ಬಿಟ್ಟಿತು ಅಂದುಕೊಂಡ ಮೇಲೆ ಒಂದೆರಡು ವಾರದಲ್ಲಿ ಕೆಲವರಿಗೆ ಮತ್ತೆ ಜ್ವರ, ತಲೆನೋವು, ಗೊಂದಲ ಕಾಣಿಸಿಕೊಳ್ಳುತ್ತದೆ. ಮನೆಗೆ ಕಳಿಸುವಾಗಲೇ ಇದನ್ನು ಹೇಳಬೇಕು.

ಇಲಿ ಜ್ವರ, ಸ್ಕ್ರಬ್ ಟೈಫಸ್ ಕೂಡ ಹೀಗೇ ಶುರುವಾಗುತ್ತವೆ, ಆದರೆ ಇವೆರಡಕ್ಕೂ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮಾತ್ರೆ ಇದೆ. ಸ್ಕ್ರಬ್ ಟೈಫಸ್‌ನಲ್ಲಿ ಹುಳ ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಇರಬಹುದು. ಕಂಕುಳು, ಸೊಂಟದ ಪಟ್ಟಿ, ತೊಡೆಸಂದು, ಎದೆಯ ಕೆಳಗೆ. ನೋವು ಇರುವುದಿಲ್ಲವಾದ್ದರಿಂದ ರೋಗಿಗೇ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೆಣ್ಣುಮಕ್ಕಳು ನಾಚಿಕೆಯಿಂದ ತೋರಿಸುವುದಿಲ್ಲ. ಡಾಕ್ಟರ್ ಆಗಲಿ ನರ್ಸ್ ಆಗಲಿ ಕೇಳಿ ನೋಡಿದರೆ ಸಿಗುತ್ತದೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಡಾಕ್ಟರುಗಳನ್ನು ದೂರಲು ಇದನ್ನು ಬರೆಯುತ್ತಿಲ್ಲ. ಗ್ರಾಮೀಣ ಸೇವೆಗೆ ಬರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಬಯಲುಸೀಮೆಯವರು, ಉಣುಗನ್ನೇ ನೋಡಿರುವುದಿಲ್ಲ. ಹೊರಗೆ ಸಾಲು ನಿಂತಿರುವಾಗ ದಪ್ಪ ಪುಸ್ತಕ ತೆಗೆದು ಓದಲು ಅವರಿಗೆ ಎಲ್ಲಿ ಪುರುಸೊತ್ತು? ಹಾಗಾಗಿ ಜಿಲ್ಲಾ ಆರೋಗ್ಯ ಇಲಾಖೆ ಮಲೆನಾಡಿನ ಜ್ವರಗಳ ಬಗ್ಗೆ ಎರಡೇ ಪುಟದ ಹಾಳೆ ಮಾಡಿ, ಯಾವ ದಿನ ಯಾವ ಟೆಸ್ಟ್, ಯಾವ ಔಷಧಿ ಕೊಡಬೇಕು, ಯಾವುದು ಕೂಡದು ಅಂತ ಬರೆದು, ಡಿಸೆಂಬರ್‌ಗೆ ಮೊದಲೇ ಎಲ್ಲಾ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ಖಾಸಗಿ ಕ್ಲಿನಿಕ್ಕುಗಳಿಗೆ ಕೊಡಲಿ. ಲ್ಯಾಬ್ ಚೀಟಿಯಲ್ಲೂ 'ಜ್ವರದ ಎಷ್ಟನೇ ದಿನ', 'ಕಾಡಿಗೆ ಹೋಗಿದ್ದರೇ' ಎಂಬ ಎರಡು ಖಾಲಿ ಜಾಗ ಅಚ್ಚಾಗಲಿ.

ಓದುಗರಲ್ಲೂ ಒಂದು ಕೋರಿಕೆ. ಜ್ವರ ಬಂದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.

— ಲ್ಯಾಬ್ ಟೆಕ್ನಿಶಿಯನ್, ಕೊಪ್ಪ ತಾಲೂಕು, ಚಿಕ್ಕಮಗಳೂರು ಜಿಲ್ಲೆ