ನೀರನ್ನು ಬಾವಿಯ ಬಳಿಯೇ ಅಳೆಯಿಸಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಕಲಬುರಗಿ ಜಿಲ್ಲೆಯ ಕಾಗಿಣಾ ದಂಡೆಯ ಹಳ್ಳಿಯಿಂದ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕನ ನಮಸ್ಕಾರಗಳು.

ಹನ್ನೊಂದು ವರ್ಷಗಳಿಂದ ಒಂದೇ ಅರ್ಜಿ ಕೊಡುತ್ತಾ ಬಂದಿದ್ದೇನೆ: ನಮ್ಮ ಕೊಳವೆಬಾವಿಯ ನೀರನ್ನು ಸರಿಯಾಗಿ ಪರೀಕ್ಷಿಸಿ. ತೊಗರಿಯ ಕಣಜ ಎನ್ನಿಸಿಕೊಂಡ ಜಿಲ್ಲೆ ನಮ್ಮದು. ಆದರೆ ನಮ್ಮ ಹೊಲದ ಬೇಳೆ ನಮ್ಮ ಬಾವಿಯ ನೀರಿನಲ್ಲಿ ಬೇಯುವುದಿಲ್ಲ. ಮನೆಯವಳು ಕುಕ್ಕರನ್ನು ಎಂಟು ಸಲ ಕೂಗಿಸಿದರೂ ಬೇಳೆ ಬಿರುಸಾಗಿಯೇ ಉಳಿಯುತ್ತದೆ. ಬೆಳಗ್ಗೆ ತುಂಬಿಟ್ಟ ಕೊಡದಲ್ಲಿ ಸಂಜೆಗೆ ಬಿಳಿ ಪೊರೆ ಕಟ್ಟಿರುತ್ತದೆ. ಬೆರಳಿನಿಂದ ಉಜ್ಜಿದರೆ ಸುಣ್ಣದ ಪುಡಿ.

ಹೋದ ಬೇಸಿಗೆಯಲ್ಲಿ ಮಾದರಿ ಒಯ್ಯಲು ಕೊನೆಗೂ ಒಬ್ಬರು ಬಂದರು. ಕೈಯಲ್ಲಿ ತಂಪು ಪಾನೀಯದ ಹಳೆಯ ಬಾಟಲಿ, ಮುಚ್ಚಳವಿಲ್ಲ. ಅರ್ಧ ತುಂಬಿಸಿ, ಬಾಯಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಬೈಕಿನ ಹ್ಯಾಂಡಲ್‌ಗೆ ತೂಗುಹಾಕಿಕೊಂಡರು. "ಸಾಹೇಬರೇ, ಇದರಲ್ಲಿರುವ ಅನಿಲ ದಾರಿಯಲ್ಲೇ ಹಾರಿಹೋಗುತ್ತದೆ" ಎಂದೆ. "ಮಾಸ್ತರೇ, ನಮಗೆ ಹೇಳಿದಷ್ಟನ್ನು ನಾವು ಮಾಡುತ್ತೇವೆ" ಎಂದರು. ಏಳು ತಿಂಗಳ ನಂತರ ವರದಿ ಬಂತು: ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂಬುದರ ಅಳತೆ) 8.2, ಕುಡಿಯಲು ಯೋಗ್ಯ. ಅದು ನಮ್ಮ ಬಾವಿಯ ಪಿಎಚ್ ಅಲ್ಲ, ಬಿಸಿಲಿನಲ್ಲಿ ಕುಲುಕಿದ ಆ ಬಾಟಲಿಯದು. ಇಂಗಾಲದ ಡೈಆಕ್ಸೈಡ್ ಹೊರಟುಹೋದರೆ ನೀರಿನ ಪಿಎಚ್ ಏರುತ್ತದೆ. ಇದನ್ನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನು.

ಈಗ ಬರೆಯಲು ಕಾರಣವಿದೆ. ಕಾರ್ಖಾನೆಗಳ ಇಂಗಾಲದ ಡೈಆಕ್ಸೈಡನ್ನು ಹಿಡಿದು ನೆಲದಾಳಕ್ಕೆ ತುಂಬುವ ಮಾತು ದೇಶದಲ್ಲಿ ನಡೆದಿದೆ. ನೀತಿ ಆಯೋಗ 2022ರಲ್ಲಿಯೇ ಇದರ ಚೌಕಟ್ಟನ್ನು ಪ್ರಕಟಿಸಿತು. ನಮ್ಮದು ಸಿಮೆಂಟ್ ಸೀಮೆ, ಸುಣ್ಣಕಲ್ಲನ್ನು ಸುಡುವಾಗ ಹೊರಬರುವುದು ಇದೇ ಅನಿಲ. ಅದನ್ನು ಹೂಳುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಐಸ್‌ಲ್ಯಾಂಡಿನಲ್ಲಿ ಅದನ್ನು ನೀರಿನಲ್ಲಿ ಕರಗಿಸಿ, ಕಪ್ಪುಕಲ್ಲಿನೊಳಗೆ ಇಳಿಸಿ, ಕಲ್ಲಾಗಿಸಿದ್ದಾರೆ. ಆದರೆ ಎಲ್ಲಾದರೂ ಸೋರಿ ಕುಡಿಯುವ ನೀರಿಗೆ ಸೇರಿದರೆ ಅಲ್ಲಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಶಹಾಬಾದ್ ಕಲ್ಲಿನಂಥ ಸುಣ್ಣಕಲ್ಲನ್ನು ಆ ಆಮ್ಲ ಕರಗಿಸುತ್ತದೆ. ಕ್ಯಾಲ್ಸಿಯಂ, ಬೈಕಾರ್ಬೊನೇಟ್, ಜೊತೆಗೆ ಬೇಳೆ ಬೇಯಗೊಡದ ಆ ಗಡಸುತನ ಏರುತ್ತವೆ. ಕಲ್ಲು ಆಮ್ಲವನ್ನು ತಣಿಸುವುದರಿಂದ ಪಿಎಚ್ ಮಾತ್ರ ಹೆಚ್ಚು ಇಳಿಯದು. ಆದ್ದರಿಂದ ಪಿಎಚ್ ಒಂದನ್ನೇ ನೋಡಿದವರಿಗೆ ಸೋರಿಕೆ ಕಾಣದೆ ಹೋಗಬಹುದು. ಕಲ್ಲಿನಲ್ಲಿ ಆರ್ಸೆನಿಕ್, ಸೀಸ ಇದ್ದರೆ ಅವೂ ನೀರಿಗೆ ಇಳಿಯಬಹುದು. ಯಾದಗಿರಿಯ ಗೋಗಿಯಲ್ಲಿ ಸುಣ್ಣಕಲ್ಲಿನೊಳಗೆ ಯುರೇನಿಯಂ ಇದೆ. ಕಾರ್ಬೊನೇಟ್ ಅದನ್ನು ನೀರಿನಲ್ಲಿ ಹೊತ್ತೊಯ್ಯಬಲ್ಲದು.

ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 600ರವರೆಗೆ ಎಂಬ ಮಿತಿ ತಮಗೆ ಗೊತ್ತೇ ಇದೆ. ನಮ್ಮ ವರದಿಯಲ್ಲಿ ಗಡಸುತನದ ಕಾಲಮ್ಮೇ ಖಾಲಿ ಇದೆ. ಇವತ್ತಿನ ನೀರು ಹೇಗಿದೆ ಎಂದು ದಾಖಲೆಯಾಗದಿದ್ದರೆ, ನಾಳೆ ಕೆಟ್ಟಾಗ "ಮೊದಲೇ ಹೀಗಿತ್ತು" ಎಂದುಬಿಡುತ್ತಾರೆ. ಆಗ ನಾವು ಯಾವ ಕಾಗದ ಹಿಡಿದು ಯಾರ ಬಾಗಿಲಿಗೆ ಹೋಗಬೇಕು?

ಆದ್ದರಿಂದ ನೀರನ್ನು ಬಾವಿಯ ಬಳಿಯೇ ಅಳೆಯಿಸಿ. ಪಿಎಚ್ ಮತ್ತು ಕ್ಷಾರೀಯತೆಯನ್ನು (ಆಮ್ಲವನ್ನು ತಣಿಸುವ ನೀರಿನ ಶಕ್ತಿಯನ್ನು) ಅಲ್ಲೇ ನೋಡಲಿ. ಲೋಹಗಳ ಪರೀಕ್ಷೆಗೆ ಶುದ್ಧ ಬಾಟಲಿಯಲ್ಲಿ ಒಯ್ಯಲಿ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ, ಪ್ರತಿ ವರ್ಷ. ವರದಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ. ಇದಾಗುವವರೆಗೆ ನೆಲದಾಳಕ್ಕೆ ಅನಿಲ ತುಂಬುವ ಯಾವ ಯೋಜನೆಗೂ ಒಪ್ಪಿಗೆ ಕೊಡಬೇಡಿ. ಮತ್ತೆ ಹೇಳುತ್ತೇನೆ, ಬಾವಿಯ ಬಳಿಯೇ ಅಳೆಯಿಸಿ.

ಬರುವವರು ಒಂದು ದಿನ ಮೊದಲೇ ತಿಳಿಸಲಿ. ನೀರು ಹಿಡಿಯುವ ಮುಂಚೆ ಮೋಟಾರು ಸ್ವಲ್ಪ ಹೊತ್ತು ಓಡಬೇಕು. ಸ್ಟಾರ್ಟರ್ ಪೆಟ್ಟಿಗೆಯ ಕೀಲಿ ನನ್ನ ಬಳಿ ಇದೆ.

ತಮ್ಮ ಕ್ಷೇತ್ರದ ಮತದಾರ